ಶುಂಠಿ ಮೊದಲು, ಹಾಲು ಆಮೇಲೆ

ಮಸಾಲೆ ಟೀಗೆ ಬೇಕಾದ ಸಾಮಾನು ಎಲ್ಲರ ಅಡುಗೆಮನೆಯಲ್ಲೂ ಇರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲೇ ಇರುವುದು ಎಲ್ಲಾ.

ನಾನು ಬೆಳೆದದ್ದು ಬಸವನಗುಡಿಯ ಕಾಫಿ ಕುಡಿಯುವವರ ಮನೆಯಲ್ಲಿ. ಅಲ್ಲಿ ಟೀ ಅಂದರೆ ನೆಗಡಿ ಆದವರಿಗೆ ಮಾಡಿಕೊಡುವ ಔಷಧಿ. ಮದುವೆಯಾದ ಮೇಲೆ ಧಾರವಾಡದ ನಮ್ಮ ಅತ್ತೆ ಗಿರಿನಗರದ ಮನೆಗೆ ಬಂದು ಉಳಿದರು. ಅವರ ಜೊತೆಗೇ ಸಂಜೆ ನಾಲ್ಕರ ಚಹಾ ಕೂಡ ಬಂತು. 'ನೀರಿಗೆ ಮೊದ್ಲ ಶುಂಠಿ ರುಚಿ ಹತ್ಲಿ. ಹಾಲಿಗೆ ಅವಸರ ಮಾಡಬ್ಯಾಡವಾ' ಅಂತ ಅವರು ಈಗಲೂ ಪಕ್ಕದಲ್ಲಿ ನಿಂತು ಹೇಳುತ್ತಾರೆ.

ಅವರ ಮಾತಿಗೆ ಗಟ್ಟಿ ಕಾರಣ ಇದೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಹಾಲು ಬಿಸಿಯಾಗುತ್ತಾ ಸುಮಾರು 60 ಡಿಗ್ರಿಗೆ ಬಂದಾಗ ಅದು ಚುರುಕಾಗಿ ಕೆಲಸ ಮಾಡುತ್ತದೆ. ದಕ್ಷಿಣ ಚೀನಾದಲ್ಲಿ ಇದನ್ನೇ ಬಳಸಿ, ಬಿಸಿ ಹಾಲಿಗೆ ಶುಂಠಿ ರಸ ಬೆರೆಸಿ, ಗಿಣ್ಣಿನ ಹಾಗೆ ಹೆಪ್ಪುಗಟ್ಟುವ ಸಿಹಿ ಮಾಡುತ್ತಾರೆ. ನಮಗೆ ಟೀಯಲ್ಲಿ ಅದು ಬೇಡ. ಶುಂಠಿಯನ್ನು ಬರೀ ನೀರಲ್ಲಿ ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಖಾರ ಉಳಿಯುತ್ತದೆ. ಆಮೇಲೆ ಹಾಲು ಹಾಕಿದರೆ ಒಡೆಯುವ ಭಯ ಇಲ್ಲ. 'ಹಾಲೇ ಸರಿ ಇರಲಿಲ್ಲ' ಅಂತ ಎಷ್ಟೋ ಮನೆಗಳಲ್ಲಿ ಪಾಪ ಹಾಲಿನವನನ್ನು ಬೈಯುತ್ತಾರೆ, ಅಲ್ವಾ?

ಶುಂಠಿ ಆರಿಸುವುದೂ ಮುಖ್ಯ. ಗಾಂಧಿ ಬಜಾರಿನಲ್ಲಿ ನಾನು ಹಳೇ ಶುಂಠಿಯನ್ನೇ ಕೇಳಿ ತರುತ್ತೇನೆ. ಹೊಸ ಶುಂಠಿ ನೋಡಲು ಚೆಂದ, ತೆಳು ಸಿಪ್ಪೆ ಉಗುರಿಗೇ ಬಿಟ್ಟುಕೊಳ್ಳುತ್ತದೆ, ರಸ ಜಾಸ್ತಿ. ಆದರೆ ಅದರಲ್ಲಿ ಖಾರ ಕಡಿಮೆ. ಬಲಿತದ್ದನ್ನು ಮುರಿದರೆ ನಾರು ಎಳೆಎಳೆಯಾಗಿ ಕಾಣಬೇಕು, ಘಾಟು ಮೂಗಿಗೆ ಹತ್ತಬೇಕು. ಇಬ್ಬರಿಗೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಸಾಕು. ತುರಿಯಬೇಡಿ, ಕುಟ್ಟಾಣಿಯಲ್ಲಿ ಜಜ್ಜಿ.

ಒಂದೂಕಾಲು ಲೋಟ ನೀರಿಗೆ ಈ ಶುಂಠಿ, ಮೂರು ಕಾಳುಮೆಣಸು, ಒಂದು ಲವಂಗ, ಉಗುರಿನಷ್ಟು ಚಕ್ಕೆ. ಲವಂಗ ಎರಡಾದರೂ ಬಾಯಲ್ಲಿ ಹಲ್ಲುನೋವಿನ ಎಣ್ಣೆಯ ವಾಸನೆ ನಿಲ್ಲುತ್ತದೆ. ಏಲಕ್ಕಿಯದ್ದು ಬೇರೆ ಲೆಕ್ಕ. ಎರಡು ಕಾಯಿ ಬಿಡಿಸಿ, ಸಿಪ್ಪೆಯನ್ನು ಮಾತ್ರ ಈಗ ನೀರಿಗೆ ಹಾಕುತ್ತೇನೆ. ಒಳಗಿನ ಕಪ್ಪು ಬೀಜ ಬೆರಳಿಗೆ ಸ್ವಲ್ಪ ಅಂಟಿದರೆ ಒಳ್ಳೆಯ ಏಲಕ್ಕಿ ಅಂತ ಅರ್ಥ. ಅದನ್ನು ಪುಡಿ ಮಾಡಿ ಪಕ್ಕಕ್ಕಿಟ್ಟು ಕೊನೆಯಲ್ಲಿ ಹಾಕಬೇಕು, ಇಲ್ಲದಿದ್ದರೆ ಘಮವೆಲ್ಲಾ ಹಬೆಯ ಜೊತೆ ಹೋಗುತ್ತದೆ. ಮಳೆಗಾಲದಲ್ಲಿ ಕುಂಡದಲ್ಲಿರುವ ಮಜ್ಜಿಗೆ ಹುಲ್ಲಿನ ಒಂದು ಗರಿಯನ್ನೂ ಗಂಟು ಹಾಕಿ ಬಿಡುತ್ತೇನೆ.

ನೀರಿನ ಬಗ್ಗೆ ಬೆಂಗಳೂರಿನವರಿಗೆ ಒಂದು ಮಾತು ಹೇಳಲೇಬೇಕು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪೈಪಿನಲ್ಲಿ ಬರುವ ಕಾವೇರಿ ನೀರಿಗೂ ಬೋರ್‌ವೆಲ್ ನೀರಿಗೂ ಟೀಯಲ್ಲಿ ಅಜಗಜಾಂತರ. ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಟೀ ಜೊತೆ ಸೇರಿ ಮೇಲೆ ತೆಳು ಪೊರೆ ಕಟ್ಟುತ್ತದೆ, ಬಣ್ಣ ಕಪ್ಪಾಗಿ ಮಂಕಾಗುತ್ತದೆ, ರುಚಿ ಸಪ್ಪೆ. ಎಷ್ಟು ಪುಡಿ ಸುರಿದರೂ ಸರಿಹೋಗಲ್ಲ. ಟ್ಯಾಂಕರ್ ನೀರು ಬಂದ ದಿನ ಟೀಗೆ ಫಿಲ್ಟರ್ ನೀರನ್ನೇ ಇಡಿ.

ಪುಡಿ ಸಿಟಿಸಿ ಆಗಿರಬೇಕು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾದ ವಿಧಾನ ಅದು. ಹಲ್ಲಿರುವ ರೋಲರ್‌ಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತಾರೆ. ಕಾಳು ಬೇಗ ಬಣ್ಣ ಬಿಡುತ್ತದೆ, ಹಾಲಿನ ಎದುರು ಸೋಲುವುದಿಲ್ಲ. ನಾನು ಎರಡು ಪಾಲು ಅಸ್ಸಾಂ, ಒಂದು ಪಾಲು ನೀಲಗಿರಿ ಬೆರೆಸಿ ಡಬ್ಬಿಗೆ ತುಂಬಿಡುತ್ತೇನೆ. ಮೊದಲನೆಯದು ಕಡಕ್‌ಗೆ, ಎರಡನೆಯದು ಪರಿಮಳಕ್ಕೆ. ದುಬಾರಿ ಉದ್ದೆಲೆ ಟೀಯನ್ನು ಮಸಾಲೆಗೆ ಹಾಕಿ ಹಾಳು ಮಾಡಬೇಡಿ. ಅದರ ನವಿರು ಪರಿಮಳ ಶುಂಠಿಯಲ್ಲಿ ಮುಳುಗಿ ಹೋಗುತ್ತದೆ.

ಶುಂಠಿ ನೀರು ಕಾಲು ಭಾಗ ಇಂಗಿದಾಗ ಎರಡು ಸಣ್ಣ ಚಮಚ ಪುಡಿ, ರುಚಿಗೆ ಸಕ್ಕರೆ. ಎರಡು ನಿಮಿಷ ಕುದಿಯಲಿ. ಆಮೇಲೆ ಒಂದು ಲೋಟ ಕಾಯಿಸಿದ ಹಾಲು. ನಮ್ಮ ಮನೆಗೆ ನಂದಿನಿಯ ಶುಭಂ ಬರುತ್ತದೆ, ಅದರಲ್ಲಿ ಕೊಬ್ಬು 4.5 ಶೇಕಡಾ. ನೀಲಿ ಪ್ಯಾಕೆಟ್‌ನಲ್ಲಿ ಇರುವುದು 3, ಅದನ್ನೇ ತರುವುದಾದರೆ ನೀರು ಸ್ವಲ್ಪ ಕಡಿಮೆ ಇಡಿ.

ಈಗ ಒಲೆ ಬಿಟ್ಟು ಹೋಗಬಾರದು. ಹಾಲು ಬಿದ್ದ ಕೂಡಲೇ ಬಣ್ಣ ಬಿಳಚಿಕೊಳ್ಳುತ್ತದೆ. ಕುದಿ ಹತ್ತಿದ ಮೇಲೆ ಅಂಚಿನಿಂದ ಕಂದು ಗೆರೆಗಳು ನಡುವಿಗೆ ಬರುತ್ತವೆ, ಸ್ವಲ್ಪ ಹೊತ್ತಿಗೆ ಇಡೀ ಪಾತ್ರೆ ಹೊಸ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಉಕ್ಕಿ ಬಂದಾಗ ಇಕ್ಕಳದಲ್ಲಿ ಎತ್ತಿ ಹಿಡಿಯಿರಿ, ಇಳಿದ ಮೇಲೆ ಮತ್ತೆ ಇಡಿ. ಹೀಗೆ ಮೂರು ಸಲ. ಟೀಯ ಟ್ಯಾನಿನ್ ಹಾಲಿನ ಪ್ರೋಟೀನಿನ ಜೊತೆ ಸೇರಿಕೊಳ್ಳುತ್ತದೆ, ನಾಲಿಗೆ ಹಿಡಿಯುವ ಒಗರು ಇಳಿಯುತ್ತದೆ. ಕೊನೆಯ ಉಕ್ಕಿಗೆ ಏಲಕ್ಕಿ ಬೀಜ ಹಾಕಿ, ಒಲೆ ಆರಿಸಿ, ಒಂದು ನಿಮಿಷ ಮುಚ್ಚಿಡಿ.

ಬೆಲ್ಲ ಬೇಕು ಅನ್ನುವವರು ಒಲೆ ಆರಿಸಿದ ಮೇಲೆ ಹಾಕಿ ಕದಡಿ. ಕುದಿಯುವಾಗ ಹಾಕಿದರೆ ಎಷ್ಟೋ ಸಲ ಬೆಲ್ಲಕ್ಕೂ ಹಾಲು ಒಡೆಯುತ್ತದೆ. ಅಂಗಡಿಯ ಟೀ ಮಸಾಲೆ ಪುಡಿ ನನಗೆ ಒಗ್ಗಿಲ್ಲ. ನುಣ್ಣನೆಯ ಪುಡಿ ಜಾಲರಿ ದಾಟಿ ಲೋಟದ ತಳದಲ್ಲಿ ಗಸಿಯಾಗಿ ಕೂರುತ್ತದೆ, ಡಬ್ಬಿ ತೆರೆದ ಮೇಲೆ ಘಮವೂ ಬೇಗ ಹೋಗುತ್ತದೆ. ಕುಟ್ಟಾಣಿ ತೊಳೆಯುವ ಸೋಮಾರಿತನಕ್ಕೆ ಅಷ್ಟು ಬೆಲೆ ಕೊಡಬಾರದು.

ಜೊತೆಗೆ ಏನು ಅಂತ ಕೇಳಿದರೆ, ಅತ್ತೆಗೆ ಚುರುಮುರಿಯೇ ಆಗಬೇಕು. ನನಗೆ ಅಯ್ಯಂಗಾರ್ ಬೇಕರಿಯ ಖಾರ ಬನ್. ಅದರಲ್ಲಿ ಹಸಿಮೆಣಸಿನಕಾಯಿ ಇರುವುದರಿಂದ ಅವತ್ತು ಟೀಗೆ ಕಾಳುಮೆಣಸು ಹಾಕುವುದಿಲ್ಲ, ಏಲಕ್ಕಿ ಒಂದು ಜಾಸ್ತಿ.