ಚಿಂಚೋಳಿ ಕಡೆ ಹೊರಟಿದ್ದೀರಾ? ಕಂಟಿ ಹಣ್ಣಿನ ಕಾಲ ನೋಡಿ ಹೋಗಿ

ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಹೋಗುವವರು ಚಂದ್ರಂಪಳ್ಳಿ ಡ್ಯಾಮ್ ನೋಡುತ್ತಾರೆ, ಮಳೆಗಾಲವಾದರೆ ಎತ್ತಿಪೋತ ಜಲಪಾತ ನೋಡುತ್ತಾರೆ, ಫೋಟೋ ತೆಗೆದುಕೊಂಡು ಸಂಜೆಗೆ ವಾಪಸ್. ಬೇಡ ಅನ್ನುವುದಿಲ್ಲ. ನಾನು ಮಾತ್ರ ಆ ಕಡೆ ಹೋಗುವುದು ಕಂಟಿಗಳ, ಅಂದರೆ ಮುಳ್ಳುಪೊದೆಗಳ, ಹಣ್ಣಿನ ಆಸೆಗೆ. ಕವಳಿ (ಕರಂಡೆ), ಕಾರಿ (ಕಾರೆ ಹಣ್ಣು), ಪರಗಿ, ಬಾರಿ (ಬೋರೆ ಹಣ್ಣು). ಮುಳ್ಳಿಲ್ಲದ ಸೀತಾಫಲವೂ ಇದೆ. ನಿಮಗೂ ಇದೇ ಚಪಲವಿದ್ದರೆ ಮೊದಲು ಯಾವ ಹಣ್ಣು ತಿನ್ನಬೇಕು ಅಂತ ನಿರ್ಧರಿಸಿ, ಆಮೇಲೆ ರಜೆ ಹಾಕಿ. ಕಾಲ ತಪ್ಪಿ ಹೋದರೆ ಬರೀ ಮುಳ್ಳು ನೋಡಿ ಬರಬೇಕಾಗುತ್ತದೆ.

ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿ.ಮೀ. ಬಸ್ಸಿದೆ. ಹೈದರಾಬಾದ್ ಕಡೆಯವರು ತಾಂಡೂರಿನವರೆಗೆ ರೈಲಿನಲ್ಲಿ ಬರಬಹುದು. ಆದರೆ ಚಿಂಚೋಳಿ ದಾಟಿದ ಮೇಲೆ ಸ್ವಂತ ಗಾಡಿ ಇದ್ದರೇ ಒಳ್ಳೆಯದು. ಕಾರಿಗಿಂತ ಬೈಕ್ ಇನ್ನೂ ಮೇಲು, ಹೊಲದ ಬದುವಿನ ಹತ್ತಿರ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದ ಒಳಗೆ ಅನುಮತಿ ಇಲ್ಲದೆ ಗಿಡ, ಕಾಯಿ ಏನನ್ನೂ ಕಿತ್ತು ತರುವಂತಿಲ್ಲ. "ಎರಡು ಹಣ್ಣು ತಾನೇ" ಅನ್ನಬೇಡಿ. ನರಿ, ಬುಲ್‌ಬುಲ್ ಹಕ್ಕಿಗಳಿಗೆ ಅದೇ ಊಟ. ದಾರಿಯಲ್ಲಿ ಬಿದ್ದ ನರಿ ಹಿಕ್ಕೆ ನೋಡಿ, ಬಾರಿ ಬೀಜ ತುಂಬಿರುತ್ತದೆ. ಕಂಟಿ ಹಬ್ಬುವುದೂ ಹಾಗೆಯೇ. ಒಳಗೆ ಹೋಗುವುದಿದ್ದರೆ ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ತಿನ್ನುವುದಕ್ಕೆ ಸಂತೆ ಇದೆ, ಲಂಬಾಣಿಗರ ತಾಂಡಾಗಳಿವೆ, ಹೊಲದ ಬದುಗಳಿವೆ. ಬದುವಿನ ಕಂಟಿಗೂ ಒಡೆಯ ಇರುತ್ತಾನೆ, ಕೇಳಿ ಕೈ ಹಾಕಿ. ಬೇಡ ಅಂದವರನ್ನು ನಾನಂತೂ ಕಂಡಿಲ್ಲ.

ಇನ್ನು ಕಾಲದ ಲೆಕ್ಕ. ಕವಳಿ ಹಣ್ಣಾಗುವುದು ಮೇ ಕೊನೆಯಿಂದ ಜುಲೈವರೆಗೆ. ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಸುಮ್ನೆ ಸಾಹಸ ಬೇಡ. ಮುಂಗಾರಿನ ಒಂದೆರಡು ಮಳೆ ಬೀಳಲಿ, ಹೋಗಿ. ಕಾಯಿ ಹಸಿರಿದ್ದು, ಕೆಂಪಾಗಿ, ಕಡೆಗೆ ಕಪ್ಪಾಗುತ್ತದೆ. ಕಪ್ಪಾದದ್ದನ್ನಷ್ಟೇ ಹಾಗೇ ತಿನ್ನಿ. ಸಂತೆಯಲ್ಲಿ ನಾನು ಹಸಿರು ಕಾಯಿ ಬಾಯಿಗೆ ಹಾಕಲು ಹೋದಾಗ ಮಾರುತ್ತಿದ್ದ ಅಜ್ಜಿ ತಡೆದಳು: "ಹಸಿ ಕಾಯಿ ತಿನ್ನಬ್ಯಾಡ ತಮ್ಮಾ, ಹಾಲು ತುಟಿಗೆ ಅಂಟತದ. ಅದು ಉಪ್ಪಿನಕಾಯಿಗೆ." ನಿಜ, ಕಾಯಿ ಮುರಿದರೆ ಬಿಳಿ ಹಾಲು ಬರುತ್ತದೆ. ಉಪ್ಪಿನಕಾಯಿಗೆ ಹಸಿರು ಕಾಯೇ ಬೇಕು. ಜಜ್ಜಿ, ಉಪ್ಪು, ಖಾರ ಹಾಕಿದರೆ ಜೋಳದ ರೊಟ್ಟಿಗೆ ಬೇರೆ ಪಲ್ಯ ಬೇಡ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಕಾಲ ದಸರೆಯಿಂದ ದೀಪಾವಳಿವರೆಗೆ. ಗುಡ್ಡ ಇನ್ನೂ ಹಸಿರಾಗಿರುತ್ತದೆ, ತಂಗಡಿ ಹೂ ಹಳದಿಯಾಗಿ ಅರಳಿರುತ್ತದೆ. ಗಡಿ ಆಚೆಯ ತೆಲಂಗಾಣದವರು ಬತುಕಮ್ಮ ಹಬ್ಬಕ್ಕೆ ಜೋಡಿಸುವ ಹೂ ಇದೇ. ಆಗ ಸೀತಾಫಲದ ಸುಗ್ಗಿ. ತೋಟದ ಹಣ್ಣಿನಷ್ಟು ದಪ್ಪ ಇರುವುದಿಲ್ಲ, ಬೀಜವೂ ಜಾಸ್ತಿ, ಆದರೆ ರುಚಿ ಒಂದು ಕೈ ಮೇಲು. ಬುಟ್ಟಿಯಲ್ಲಿ ಕಣ್ಣು ಬಿಟ್ಟ ಕಾಯಿ ಆರಿಸಿ. ಅಂದರೆ ಉಬ್ಬುಗಳ ನಡುವಿನ ಗೆರೆ ಅಗಲವಾಗಿ ಬಿಳಿಚಿಕೊಂಡಿರಬೇಕು. ಅಂಥದ್ದು ಮನೆಯಲ್ಲಿ ಎರಡು ಮೂರು ದಿನದಲ್ಲಿ ಹಣ್ಣಾಗುತ್ತದೆ. ಕಣ್ಣು ಬಿಡದ್ದು ಎಷ್ಟು ದಿನ ಇಟ್ಟರೂ ಕಲ್ಲೇ. ಬೀಜ ಮಾತ್ರ ಅಗಿಯಬೇಡಿ. ವಿಷ ಅದು, ಅದರ ಪುಡಿ ಕಣ್ಣಿಗೆ ಬಿದ್ದರಂತೂ ಆಸ್ಪತ್ರೆಗೆ ಓಡಬೇಕು. ಬೀದರ್ ಕಡೆ ಹೋಗುವವರಿಗೂ ಇದೇ ಕಾಲ, ಅಲ್ಲಿನ ಗುಡ್ಡಗಳಲ್ಲೂ ಸೀತಾಫಲಕ್ಕೆ ಕೊರತೆ ಇಲ್ಲ.

ಮಳೆಗಾಲ ಮುಗಿದ ಮೇಲೆ ಕಾರಿ ಹಣ್ಣೂ ಸಿಗುತ್ತದೆ. ಹಳದಿ, ಪುಟ್ಟದು, ಎದುರುಬದುರು ಮುಳ್ಳಿನ ಕಂಟಿ. ಮಕ್ಕಳ ಹಣ್ಣು ಅನ್ನಿ.

ಚಳಿ ಶುರುವಾದರೆ ಬಾರಿ ಮತ್ತು ಪರಗಿ. ಪರಗಿಯಲ್ಲಿ ಬೀಜವೇ ಜಾಸ್ತಿ, ತಿರುಳು ನೆಪಕ್ಕೆ. ಅದರ ಮುಳ್ಳು ಬೆಕ್ಕಿನ ಉಗುರಿನ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಅಂಗಿ ಸಿಕ್ಕಿಕೊಂಡರೆ ಎಳೆಯಬೇಡಿ, ಒಂದು ಹೆಜ್ಜೆ ಹಿಂದೆ ಹೋಗಿ ಬಿಡಿಸಿ. ಎಳ್ಳ ಅಮಾವಾಸ್ಯೆಯ ಸುಮಾರಿಗೆ ಹೋದರೆ ಅದೃಷ್ಟ. ಇಡೀ ಊರೇ ಹೊಲದಲ್ಲಿರುತ್ತದೆ, ಯಾರಾದರೂ ಊಟಕ್ಕೆ ಕರೆದೇ ಕರೆಯುತ್ತಾರೆ. ಒಂದು ಹೊಲದಲ್ಲಿ ನನಗೆ ಬಡಿಸಿದ ಭಜ್ಜಿ ಪಲ್ಯದಲ್ಲಿ ಸೊಪ್ಪು, ಹಸಿ ಕಾಳುಗಳ ಜೊತೆ ಬಾರಿಕಾಯಿಯೂ ಇತ್ತು. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಬಾರಿಹಣ್ಣು, ಚುರುಮುರಿ ಎರೆಯುತ್ತಾರಲ್ಲ, ಅದಕ್ಕೂ ಈಗಲೇ ಹಣ್ಣು ತಂದಿಟ್ಟುಕೊಳ್ಳಬಹುದು.

ಗೊತ್ತಿಲ್ಲದ ಕಾಯಿ ಬಾಯಿಗೆ ಹಾಕಲೇಬೇಡಿ, ಅದರಲ್ಲೂ ಮಕ್ಕಳು ಜೊತೆಗಿದ್ದಾಗ. ಬೇಲಿಯಲ್ಲಿ ಬೆಳೆಯುವ ಕಾಡುಹರಳಿನ ಬೀಜ ತಿಂದರೆ ವಾಂತಿ, ಭೇದಿ ಖಂಡಿತ. ಗುಲಗಂಜಿ ನೋಡಲು ಚೆಂದ, ಅಗಿದರೆ ಪ್ರಾಣಕ್ಕೇ ಕುತ್ತು. ಹಕ್ಕಿ ತಿಂದಿದೆ, ನಾವೂ ತಿನ್ನಬಹುದು ಅನ್ನುವ ಲೆಕ್ಕ ನಡೆಯುವುದಿಲ್ಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಡಿ. ತೆಲಂಗಾಣ ಗಡಿ ಹತ್ತಿರದ ಕೊಂಚಾವರಂ ಕಡೆ ಕನ್ನಡದ ಜೊತೆ ತೆಲುಗು, ಲಂಬಾಣಿ ಮಾತು ನಡೆಯುತ್ತದೆ. ಅವರಿದ್ದರೆ ಆ ತೊಂದರೆಯೂ ಇಲ್ಲ.

ಪೂರ್ತಿ ತೋಳಿನ ಅಂಗಿ, ಗಟ್ಟಿ ಬೂಟು, ಕೈಯಲ್ಲೊಂದು ಕೋಲು ಇರಲಿ. ಕಂಟಿಯ ಬುಡದ ನೆರಳಲ್ಲಿ ಹಾವು ಮಲಗಿರುತ್ತದೆ, ಕೋಲಿನಿಂದ ತಟ್ಟಿದ ಮೇಲೆ ಕೈ ಚಾಚಿ. ನೀರು ಚಿಂಚೋಳಿಯಲ್ಲೇ ತುಂಬಿಕೊಳ್ಳಿ. ಚಿಲ್ಲರೆ ಇಟ್ಟುಕೊಳ್ಳಿ, ಹಣ್ಣು ಮಾರುವವರ ಹತ್ತಿರ ಫೋನ್‌ಪೇ ಇರುತ್ತದೆ ಅನ್ನುವ ಧೈರ್ಯ ಬೇಡ. ಸಂತೆ ಯಾವ ದಿನ ಅಂತ ಹೊರಡುವ ಮೊದಲೇ ಆ ಕಡೆಯವರನ್ನು ಕೇಳಿ, ಆ ದಿನವೇ ಹೋಗಿ. ಬೆಳಿಗ್ಗೆ ಬೇಗ ತಲುಪಬೇಕು, ಒಳ್ಳೆಯ ಕವಳಿ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ.