ಟಿವಿ ಪಕ್ಕದ ಹಳೇ ಪಿಸಿ: ಅಪ್‌ಗ್ರೇಡ್ ಮಾಡುವುದೋ, ಬದಲಿಸುವುದೋ

ಈಗಿರುವ ಸ್ಥಿತಿ

ತುಮಕೂರು ಎಸ್‌.ಎಸ್‌. ಪುರಂನ ಮನೆಯೊಂದರ ಹಾಲ್‌ನಲ್ಲಿ, ಟಿವಿ ಯೂನಿಟ್‌ನ ಕೆಳಗಿನ ಖಾನೆಯಲ್ಲಿರುವ ಪಿಸಿ ಇದು. ಒಳಗಿರುವುದು 2012ರಲ್ಲಿ ಬಂದ ಇಂಟೆಲ್ ಕೋರ್ ಐ3-3220, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, ವಿಂಡೋಸ್ 10 ಇರುವ 500 ಜಿಬಿ ಹಾರ್ಡ್ ಡಿಸ್ಕ್, ಸಿನಿಮಾ ತುಂಬಿದ 2 ಟಿಬಿ ಡಿಸ್ಕ್, ಡಿವಿಡಿ ರೈಟರ್ ಮತ್ತು 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ). ಹೊಸದೆಂದರೆ ಟಿವಿ ಒಂದೇ, 43 ಇಂಚಿನ 4ಕೆ. ಎರಡರ ನಡುವೆ ಎಚ್‌ಡಿಎಂಐ 1.4 ಕಾಲದ 5.1 ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಪೆಟ್ಟಿಗೆ) ಇದೆ.

ದೂರುಗಳು ಇವು: ಆನ್ ಆಗಲು ತುಂಬ ಹೊತ್ತು, ಹೊಸ ಫೈಲ್‌ಗಳು ತಡವರಿಸುವುದು, ಫ್ಯಾನ್ ಸದ್ದು, ಪ್ಲಗ್ ತೆಗೆದು ಹಾಕಿದರೆ ತಾರೀಖು ಹಿಂದಕ್ಕೆ ಹೋಗುವುದು. ಇವೆಲ್ಲಕ್ಕೂ "ಸಿಸ್ಟಂ ಹಳೇದಾಯ್ತು" ಎಂಬ ಒಂದೇ ಕಾರಣ ಕೊಟ್ಟು ಅಂಗಡಿಗೆ ಹೊರಟರೆ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣ ಇದೆ. ಕೆಲವಕ್ಕೆ ನೂರಿನ್ನೂರು ರೂಪಾಯಿ ಸಾಕು, ಒಂದಕ್ಕೆ ಮಾತ್ರ ಈ ಬೋರ್ಡ್‌ನಲ್ಲಿ ಮದ್ದೇ ಇಲ್ಲ. ಅದು ಯಾವುದು ಎಂದು ಹುಡುಕುವುದೇ ಈ ಕೆಲಸದ ಮೊದಲ ಅರ್ಧ.

ಕ್ಯಾಬಿನೆಟ್ ಬಿಚ್ಚುವ ಮೊದಲು ಡಿಸ್ಕ್

ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ತಂತ್ರಾಂಶದಲ್ಲಿ ಎರಡೂ ಡಿಸ್ಕ್‌ಗಳ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿದ್ದಾಯಿತು. ಅಲ್ಲಿ ಗಮನಿಸಬೇಕಾದ ಸಾಲುಗಳು ನಾಲ್ಕೇ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳು (ಡಿಸ್ಕ್‌ನ ಪುಟ್ಟ ಭಾಗಗಳು). ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಸಿ6 ಸರಿಪಡಿಸಲಾಗದವು. ಸಿ7 ಕೇಬಲ್‌ನಲ್ಲಿ ಆದ ತಪ್ಪುಗಳ ಎಣಿಕೆ. ಈ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಹತ್ತರ ಎಣಿಕೆಗೆ ಬದಲಿಸಿಕೊಂಡರೆ ಗಾಬರಿ ಕಡಿಮೆ.

500 ಜಿಬಿ ಡಿಸ್ಕ್‌ನಲ್ಲಿ 05 ಮತ್ತು ಸಿ5 ಎರಡೂ ಸೊನ್ನೆ ದಾಟಿವೆ. ವಿಂಡೋಸ್ ನಿಧಾನವಾಗಿ ಏಳುವುದಕ್ಕೆ ಕಾರಣ ಇದೇ, ಪ್ರೊಸೆಸರ್ ಅಲ್ಲ. ಓದಲಾಗದ ಸೆಕ್ಟರ್ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಲ್ಲಿಯವರೆಗೆ ಇಡೀ ಯಂತ್ರ ಕಾಯುತ್ತದೆ. 2 ಟಿಬಿ ಡಿಸ್ಕ್ ಆರೋಗ್ಯವಾಗಿದೆ, ಆದರೆ ಸಿ7 ಏರಿದೆ. ಅದಕ್ಕೆ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಬೇಕು. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ. ಮುಂದೆ ಏರದೆ ನಿಂತರೆ ಸಾಕು.

ಬೇರೆ ಏನೇ ಮಾಡುವ ಮೊದಲು ಸಿನಿಮಾ ಡಿಸ್ಕ್‌ನ ನಕಲು ಆಗಬೇಕು. ಎಚ್61 ಚಿಪ್‌ಸೆಟ್‌ನಲ್ಲಿ ಯುಎಸ್‌ಬಿ 3.0 ಇಲ್ಲ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 35 ಎಂಬಿಯಂತೆ 2 ಟಿಬಿ ನಕಲಿಸಲು ಸುಮಾರು 16 ಗಂಟೆ ಹಿಡಿಯುತ್ತದೆ. ಹೊಸ ಡಿಸ್ಕನ್ನು ನೇರ ಸಾಟಾ ಪೋರ್ಟ್‌ಗೆ ಹಾಕಿದರೆ ಸೆಕೆಂಡಿಗೆ 130 ಎಂಬಿ ಸಿಗುತ್ತದೆ, ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ನಕಲಿಗಾಗಿ ಡಿವಿಡಿ ರೈಟರ್‌ನ ಕೇಬಲನ್ನೇ ಸ್ವಲ್ಪ ಹೊತ್ತು ಬಳಸಿಕೊಂಡದ್ದು ಅದಕ್ಕೇ.

ಧೂಳು, ಪೇಸ್ಟ್, ಸೆಲ್, ಎಸ್‌ಎಂಪಿಎಸ್

ತುಮಕೂರಿನ ಕೆಂಪು ಧೂಳು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಒತ್ತಾಗಿ ಕೂರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ಚೊಕ್ಕಟವಾಗಿಯೇ ಕಾಣುತ್ತದೆ. ಫ್ಯಾನ್ ಬಿಚ್ಚಿದ ಮೇಲೇ ಕೆಳಗಿನ ಪದರ ಸಿಗುವುದು. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ಇಟ್ಟರೆ ಸಾಕು. ಇಂಟೆಲ್ ಕೂಲರ್‌ನ ನಾಲ್ಕು ಪಿನ್‌ಗಳನ್ನು ಎದುರುಬದುರು ಮೂಲೆಗಳಂತೆ ಒತ್ತಿ. ಒಂದೇ ಬದಿಯ ಎರಡನ್ನು ಮೊದಲು ಒತ್ತಿದರೆ ಇನ್ನೊಂದು ಬದಿ ಎದ್ದು ನಿಲ್ಲುತ್ತದೆ. ಬೋರ್ಡ್ ಹಿಂಬದಿಯಲ್ಲಿ ಪಿನ್‌ಗಳ ಬಿಳಿ ತುದಿ ಪೂರ್ತಿ ಹೊರಬಂದಿದೆಯೇ ಎಂದು ನೋಡಿದ ಮೇಲೇ ಕರೆಂಟ್ ಕೊಡಿ. ಇಷ್ಟಾದ ಮೇಲೆ ಫ್ಯಾನ್ ಸದ್ದು ಹೋಯಿತು.

ತಾರೀಖಿನ ತೊಂದರೆಗೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಬದಲಿಸಿದ್ದಾಯಿತು. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ತಾರೀಖು ತಪ್ಪಿದ್ದರೆ ಬ್ರೌಸರ್ ಸುರಕ್ಷಿತ ವೆಬ್‌ಸೈಟ್‌ಗಳನ್ನು ತೆರೆಯಲು ಒಪ್ಪುವುದಿಲ್ಲ. ಇಂಟರ್‌ನೆಟ್ ಕೆಟ್ಟಿದೆ ಎಂದುಕೊಂಡು ರೂಟರ್ ಬದಲಿಸುವವರೂ ಇದ್ದಾರೆ.

ಎಸ್‌ಎಂಪಿಎಸ್ ಅಳೆಯಬೇಕಾದದ್ದು ಲೋಡ್ ಇರುವಾಗ, ಅಂದರೆ ಸಿನಿಮಾ ಓಡುತ್ತಿರುವಾಗ. ಖಾಲಿ ಬಿದ್ದಿರುವ ಮೊಲೆಕ್ಸ್ ಕನೆಕ್ಟರ್‌ನ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪು ತಂತಿಯಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಇಲ್ಲಿ 12 ವೋಲ್ಟ್ ಸಾಲು ಕೆಳಗಿನ ಮಿತಿಗೆ ಅಂಟಿಕೊಂಡಿದೆ. ಇದನ್ನು ಬಿಚ್ಚಿ ಕೆಪಾಸಿಟರ್ ಬದಲಿಸುವ ಆಲೋಚನೆ ಬೇಡ. 230 ವೋಲ್ಟ್ ಎಸಿ ಒಳಗೆ ಡಿಸಿಯಾಗಿ ತಿರುಗಿದಾಗ 325 ವೋಲ್ಟ್‌ನಷ್ಟಾಗುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರ್‌ನಲ್ಲಿ ಉಳಿಯುತ್ತದೆ. ಯಾವ ದಾರಿ ಹಿಡಿದರೂ ಎಸ್‌ಎಂಪಿಎಸ್ ಹೊಸದೇ ಆಗಬೇಕು ಎಂದು ಬರೆದುಕೊಂಡದ್ದಾಯಿತು.

ಅಸಲಿ ಪರೀಕ್ಷೆ: ಡಿಕೋಡ್ ಮಾಡುತ್ತಿರುವುದು ಯಾರು?

ಒತ್ತಿ ಚಿಕ್ಕದಾಗಿಸಿದ ವಿಡಿಯೊ ಫೈಲನ್ನು ಬಿಡಿಸಿ ಚಿತ್ರವಾಗಿಸುವುದೇ ಡಿಕೋಡ್. ಕೋಡಿ ಎಂಬ ಸಿನಿಮಾ ಪ್ಲೇಯರ್‌ನಲ್ಲಿ ಸಿನಿಮಾ ಓಡುತ್ತಿರುವಾಗ ಕೀಬೋರ್ಡ್‌ನ ಇಂಗ್ಲಿಷ್ "ಓ" ಒತ್ತಿ. ಡಿಕೋಡರ್ ಹೆಸರಿನ ಪಕ್ಕ "ಎಚ್‌ಡಬ್ಲ್ಯು" ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಕೆಲಸ ಮಾಡುತ್ತಿದೆ. "ಎಸ್‌ಡಬ್ಲ್ಯು" ಎಂದಿದ್ದರೆ ಪ್ರೊಸೆಸರ್ ಮೈಮುರಿದು ದುಡಿಯುತ್ತಿದೆ. ಅಪ್‌ಗ್ರೇಡ್ ಪ್ರಶ್ನೆಗೆ ಉತ್ತರ ಇರುವುದು ಈ ಎರಡಕ್ಷರದಲ್ಲಿ.

ಎಂಪೆಗ್-2, ಎಚ್‌.264, ಎಚ್‌ಇವಿಸಿ, ವಿಪಿ9, ಎವಿ1 ಇವು ವಿಡಿಯೊ ಒತ್ತುವ ಬೇರೆ ಬೇರೆ ವಿಧಾನಗಳು. ಎಂಪೆಗ್-2 ಡಿವಿಡಿ, 1080ಪಿ ಎಚ್‌.264, ಇವೆರಡೂ ಗ್ರಾಫಿಕ್ಸ್ ಚಿಪ್‌ನಲ್ಲೇ ನಿರಾಯಾಸವಾಗಿ ಓಡಿದವು. 1080ಪಿ ಎಚ್‌ಇವಿಸಿ 8 ಬಿಟ್ ಪ್ರೊಸೆಸರ್ ಮೇಲೆ ಬಿತ್ತು, ಆದರೂ ಫ್ರೇಮ್ ತಪ್ಪಲಿಲ್ಲ. ಬಣ್ಣದ ಮಟ್ಟಗಳು ಹೆಚ್ಚಿರುವ 10 ಬಿಟ್ ಆದಾಗ ಮಳೆ, ಜಾತ್ರೆಯ ಜನಜಂಗುಳಿಯಂಥ ದೃಶ್ಯಗಳಲ್ಲಿ ತಡವರಿಸಿತು. 4ಕೆ ಎಚ್‌ಇವಿಸಿ ಫೋಟೊ ಪ್ರದರ್ಶನವಾಯಿತು. ಯೂಟ್ಯೂಬ್ 1080ಪಿಗಿಂತ ಮೇಲಿನದನ್ನು ವಿಪಿ9 ಅಥವಾ ಎವಿ1ನಲ್ಲೇ ಕೊಡುವುದರಿಂದ ಅಲ್ಲೂ ಅದೇ ಪಾಡು.

ಇದಕ್ಕೆ ಕಾರಣ ಚಿಪ್‌ನೊಳಗೇ ಇದೆ. ಮೂರನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಎಚ್‌ಇವಿಸಿ ಡಿಕೋಡರ್ ಇಲ್ಲ. 8 ಬಿಟ್ ಎಚ್‌ಇವಿಸಿಗೆ ಪೂರ್ಣ ಹಾರ್ಡ್‌ವೇರ್ ಬಂದದ್ದು ಆರನೇ ತಲೆಮಾರಿನಲ್ಲಿ, 10 ಬಿಟ್‌ಗೆ ಏಳನೆಯದರಲ್ಲಿ, ಎವಿ1ಗೆ ಹನ್ನೊಂದನೆಯದರಲ್ಲಿ. ಸಾಫ್ಟ್‌ವೇರ್ ಡಿಕೋಡರ್‌ಗಳು ವೇಗಕ್ಕಾಗಿ ನೆಚ್ಚಿಕೊಳ್ಳುವ ಎವಿಎಕ್ಸ್2 ಸೂಚನೆಗಳೂ ನಾಲ್ಕನೇ ತಲೆಮಾರಿನಿಂದಲೇ ಶುರು. ಅದರ ಮೇಲೆ ಈ ಬೋರ್ಡ್‌ನ ಎಚ್‌ಡಿಎಂಐ 4ಕೆ ಚಿತ್ರವನ್ನು ಹೊರಗೆ ಕಳಿಸುವುದೇ ಇಲ್ಲ. ರ‍್ಯಾಮ್ 16 ಜಿಬಿ ಮಾಡಿದರೂ, ಎಸ್‌ಎಸ್‌ಡಿ ಹಾಕಿದರೂ ಈ ಸಾಲುಗಳಲ್ಲಿ ಒಂದೂ ಬದಲಾಗುವುದಿಲ್ಲ.

ಮುಂದಿದ್ದ ದಾರಿಗಳು

ಟಿವಿ ಫುಲ್ ಎಚ್‌ಡಿಯದ್ದಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. 240 ಜಿಬಿ ಸಾಟಾ ಎಸ್‌ಎಸ್‌ಡಿ, ಹೊಸ ಎಸ್‌ಎಂಪಿಎಸ್, ಕೋಡಿಯನ್ನಷ್ಟೇ ಓಡಿಸುವ ಲಿನಕ್ಸ್ ಆದ ಲಿಬ್ರೆಎಲೆಕ್, ಇಷ್ಟು ಸಾಕು. ಎಚ್61ರ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ನದ್ದು, ಎಸ್‌ಎಸ್‌ಡಿಯ ಅರ್ಧ ವೇಗವಷ್ಟೇ ಸಿಗುತ್ತದೆ. ಅಷ್ಟಿದ್ದರೂ ಹಾರ್ಡ್ ಡಿಸ್ಕ್‌ಗೆ ಹೋಲಿಸಿದರೆ ಅಜಗಜಾಂತರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಸಿನಿಮಾ ನೋಡುವುದಕ್ಕಷ್ಟೇ ಇರುವ ಯಂತ್ರಕ್ಕೆ ಲಿಬ್ರೆಎಲೆಕ್ ಸಾಕು. ಫುಲ್ ಎಚ್‌ಡಿ ಟಿವಿ ಇರುವವರು ದಯವಿಟ್ಟು ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ.

4ಕೆ ಟಿವಿಗೆ ಎಲ್ಲರೂ ಮೊದಲು ಹೇಳುವುದು ಎನ್‌ವಿಡಿಯಾದ ಜಿಟಿ 1030 ಗ್ರಾಫಿಕ್ಸ್ ಕಾರ್ಡ್. 30 ವ್ಯಾಟ್‌ನದ್ದು, ಬೇರೆ ಪವರ್ ಕೇಬಲ್ ಬೇಡ, ಎಚ್‌ಇವಿಸಿ 10 ಬಿಟ್ ಓಡಿಸುತ್ತದೆ. ಆದರೆ ಎವಿ1 ಇಲ್ಲ. ಎನ್‌ವಿಡಿಯಾ ಆ ತಲೆಮಾರಿನ ಕಾರ್ಡ್‌ಗಳಿಗೆ 580 ಸರಣಿಯೇ ಕೊನೆಯ ಡ್ರೈವರ್ ಎಂದು ಘೋಷಿಸಿದೆ. ಲಿಬ್ರೆಎಲೆಕ್‌ನಲ್ಲಿ ಎನ್‌ವಿಡಿಯಾಗೆ ಪ್ರತ್ಯೇಕ ಲೆಗಸಿ ಆವೃತ್ತಿ ಬೇಕು, ಅದರಲ್ಲಿ ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಬರುವುದಿಲ್ಲ. 2012ರ ಬೋರ್ಡ್‌ಗೆ 2017ರ ಕಾರ್ಡ್ ಹಾಕಿ, ಹೊಸ ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎಲ್ಲ ಸೇರಿಸಿದರೆ ಹೊಸ ಬೋರ್ಡ್‌ನ ಬೆಲೆಯ ಹತ್ತಿರ ಹೋಗುತ್ತದೆ. ಈ ದಾರಿ ಕೈಬಿಟ್ಟದ್ದಾಯಿತು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಆಫೀಸ್‌ಗಳಿಂದ ಬಂದ ಎಂಟನೇ ತಲೆಮಾರಿನ ಪುಟ್ಟ ಪಿಸಿಗಳು ಸಿಗುತ್ತವೆ. ಗಟ್ಟಿಮುಟ್ಟಾದವು, ವಿಂಡೋಸ್ 11ಕ್ಕೂ ಅರ್ಹ. ಕೊಳ್ಳುವಾಗ ಹಿಂಭಾಗ ನೋಡಿ: ಹಲವುದರಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ. ಎಚ್‌ಡಿಎಂಐ ಇದ್ದರೂ ಸಾಮಾನ್ಯವಾಗಿ 1.4, ಅಂದರೆ 4ಕೆ 30 ಹರ್ಟ್ಸ್‌ಗೆ ಸೀಮಿತ. 60 ಹರ್ಟ್ಸ್‌ಗೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ 2.0ಗೆ ತಿರುಗಿಸುವ ಆ್ಯಕ್ಟಿವ್ ಅಡಾಪ್ಟರ್ ಬೇಕು. ಅಗ್ಗದ ಪ್ಯಾಸಿವ್ ಅಡಾಪ್ಟರ್‌ಗೆ ಅದು ಸಾಧ್ಯವಿಲ್ಲ. ರಾಸ್‌ಬೆರಿ ಪೈ 5 ಎಂಬ ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲಿ ಓಡಿಸುತ್ತದೆ, ಎವಿ1ಗೆ ಹಾರ್ಡ್‌ವೇರ್ ಇಲ್ಲ.

ಒಟಿಟಿಯನ್ನು ಲೆಕ್ಕದಿಂದ ಹೊರಗಿಟ್ಟದ್ದು ಬೇಕೆಂದೇ. ಲಿನಕ್ಸ್‌ನಲ್ಲಿ ಒಟಿಟಿ ಆ್ಯಪ್‌ಗಳು ಪೂರ್ಣ ಗುಣಮಟ್ಟ ಕೊಡುವುದಿಲ್ಲ, ಟಿವಿಯೊಳಗಿನ ಆ್ಯಪ್ ಕೊಡುತ್ತದೆ. ಪಿಸಿಯ ಕೆಲಸ ಮನೆಯಲ್ಲಿರುವ ಫೈಲ್ ಮತ್ತು ಡಿಸ್ಕ್‌ಗಳು.

ತೀರ್ಮಾನ

ಬೋರ್ಡ್ ಬದಲಿ, ಕ್ಯಾಬಿನೆಟ್ ಹಳೆಯದೇ. ಆಯ್ಕೆಯಾದದ್ದು ಇಂಟೆಲ್ ಎನ್100 ಬೆಸುಗೆಯಾಗಿ ಬರುವ ಮೈಕ್ರೋ ಎಟಿಎಕ್ಸ್ ಬೋರ್ಡ್. 2023ರಲ್ಲಿ ಬಂದ, 6 ವ್ಯಾಟ್‌ನ ಈ ಚಿಪ್ ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ಮೂರನ್ನೂ ಹಾರ್ಡ್‌ವೇರ್‌ನಲ್ಲಿ ಬಿಡಿಸುತ್ತದೆ. ಇದೇ ಚಿಪ್‌ನ ಅಂಗೈಯಗಲದ ಮಿನಿ ಪಿಸಿ ಇನ್ನೂ ಸುಲಭವಿತ್ತು. ಆದರೆ ಈ ಮನೆಯಲ್ಲಿ ಮದುವೆ, ನಾಮಕರಣದ ಡಿವಿಡಿಗಳೂ ಹಳೆಯ ಕನ್ನಡ ಸಿನಿಮಾಗಳ ವಿಸಿಡಿಗಳೂ ರಾಶಿ ಇವೆ. ಡಿವಿಡಿ ರೈಟರ್ ಮತ್ತು 3.5 ಇಂಚಿನ ಡಿಸ್ಕ್ ಎರಡಕ್ಕೂ ಜಾಗ ಬೇಕು. ಬೋರ್ಡ್‌ನಲ್ಲಿರುವ ಎರಡು ಸಾಟಾ ಪೋರ್ಟ್‌ಗೆ ಹೊಸ 4 ಟಿಬಿ ಡಿಸ್ಕ್ ಮತ್ತು ಡಿವಿಡಿ ರೈಟರ್, ಎಂ.2 ಸ್ಲಾಟ್‌ಗೆ 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ರ‍್ಯಾಮ್ ಸ್ಲಾಟ್ ಒಂದೇ ಇರುವುದರಿಂದ ಒಮ್ಮೆಗೇ 8 ಜಿಬಿ ಡಿಡಿಆರ್4. ಹಳೆಯ ಡಿಡಿಆರ್3 ಇದರಲ್ಲಿ ಕೂರುವುದಿಲ್ಲ, ಕಚ್ಚು ಬೇರೆ ಕಡೆ ಇದೆ.

ಕರೆಂಟ್ ಉಳಿತಾಯ ತೋರಿಸಿ ಈ ಖರ್ಚನ್ನು ಸಮರ್ಥಿಸುವುದು ಸರಿಯಲ್ಲ. ಹಳೆಯದು ಸುಮಾರು 45 ವ್ಯಾಟ್, ಹೊಸದು 18 ಎಂದುಕೊಂಡರೂ ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ ಉಳಿಯುವುದು 4 ಯೂನಿಟ್. ಗೃಹಜ್ಯೋತಿ ಮಿತಿಯೊಳಗಿರುವ ಮನೆಯಲ್ಲಿ ಅದು ಬಿಲ್‌ನಲ್ಲಿ ಕಾಣುವುದೂ ಇಲ್ಲ. ಲಾಭ ಕಾಣುವುದು ಇನ್ವರ್ಟರ್ ಮೇಲೆ ಓಡುವಾಗ. ಇನ್ವರ್ಟರ್‌ನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆ ನಿಧಾನವಾಗಿ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಜೋಡಿಸಿದ ಮೇಲಿನ ಹೊಂದಾಣಿಕೆ

ಹಳೆಯ ರಿಸೀವರ್ ಮೂಲಕ 4ಕೆ 60 ಹರ್ಟ್ಸ್ ಹಾಯುವುದಿಲ್ಲ. ಅದಕ್ಕೇ ಪಿಸಿಯಿಂದ ಟಿವಿಗೆ ನೇರ ಕೇಬಲ್, ಟಿವಿಯಿಂದ ರಿಸೀವರ್‌ಗೆ ಎಆರ್‌ಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಧ್ವನಿಯನ್ನು ಹಿಂದಕ್ಕೆ ಕಳಿಸುವ ದಾರಿ). ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಧ್ವನಿ ಬರುವುದಿಲ್ಲ, ಡಾಲ್ಬಿ ಡಿಜಿಟಲ್ ಬರುತ್ತದೆ. ಕೋಡಿಯಲ್ಲಿ ಪಾಸ್‌ಥ್ರೂ (ಧ್ವನಿಯನ್ನು ಬಿಡಿಸದೆ ಹಾಗೇ ಕಳಿಸುವುದು) ಆನ್ ಮಾಡಿ, ಚಾನೆಲ್ ಸಂಖ್ಯೆಯನ್ನು 2.0ಕ್ಕೆ ಇಡಿ. ಆಗಲೇ ಬೇರೆ ಧ್ವನಿಯನ್ನು ಡಾಲ್ಬಿ ಡಿಜಿಟಲ್‌ಗೆ ತಿರುಗಿಸುವ ಟ್ರಾನ್ಸ್‌ಕೋಡಿಂಗ್ ಆಯ್ಕೆ ಸಿಗುವುದು. 5.1 ಎಂದು ಇಟ್ಟರೆ ಆ ಆಯ್ಕೆ ಕಾಣದೆ ಹಿಂದಿನ ಸ್ಪೀಕರ್‌ಗಳು ಮೂಕವಾಗುತ್ತವೆ.

ಟಿವಿಯ ಆ ಎಚ್‌ಡಿಎಂಐ ಪೋರ್ಟ್‌ಗೆ ವರ್ಧಿತ ಸಿಗ್ನಲ್ ಆಯ್ಕೆ ಆನ್ ಮಾಡದಿದ್ದರೆ 10 ಬಿಟ್ 60 ಹರ್ಟ್ಸ್ ಬರುವುದಿಲ್ಲ. ಕೋಡಿಯ ಮೆನು 1080ಪಿಯಲ್ಲೇ ಇರಲಿ. ವೈಟ್‌ಲಿಸ್ಟ್‌ನಲ್ಲಿ (ಕೋಡಿ ಬಳಸಬಹುದಾದ ಚಿತ್ರ ಮೋಡ್‌ಗಳ ಪಟ್ಟಿ) 4ಕೆ ಮತ್ತು 1080ಪಿಯ 23.976, 24, 25, 50, 60 ಹರ್ಟ್ಸ್‌ಗಳನ್ನು ಸೇರಿಸಿ, ರಿಫ್ರೆಶ್ ದರ ಹೊಂದಿಸುವ ಆಯ್ಕೆಯನ್ನು ಆನ್ ಮಾಡಿ. 23.976ರ ಫೈಲನ್ನು 24.000 ಹರ್ಟ್ಸ್‌ನಲ್ಲಿ ಓಡಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬಂದು ಸಣ್ಣ ಜರ್ಕ್ ಕಾಣುತ್ತದೆ. ಮದುವೆ ಡಿವಿಡಿಗಳು 25 ಫ್ರೇಮ್‌ನ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಸಾಲಿನಂತೆ ಬರುವ) ಚಿತ್ರ. ಅವಕ್ಕೆ 50 ಹರ್ಟ್ಸ್ ಸಿಗದಿದ್ದರೆ ಕ್ಯಾಮೆರಾ ತಿರುಗಿದಾಗಲೆಲ್ಲ ಚಿತ್ರ ಜಗ್ಗುತ್ತದೆ.

ಕನ್ನಡ ಸಬ್‌ಟೈಟಲ್ ಚೌಕಗಳಾಗಿ ಬಂದರೆ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಕೋಡಿಯ ಮೀಡಿಯಾ ಫೋಲ್ಡರ್‌ನ ಫಾಂಟ್ಸ್ ಒಳಗೆ ಹಾಕಿ, ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ. ಫಾಂಟ್ ಇದ್ದೂ ಇಂಗ್ಲಿಷ್ ಅಕ್ಷರಗಳ ಗೊಜಲು ಬಂದರೆ ಆ ಫೈಲ್ ನುಡಿ ಅಥವಾ ಬರಹದ ಹಳೆಯ ಆಸ್ಕಿಯಲ್ಲಿದೆ ಎಂದರ್ಥ. ಯೂನಿಕೋಡ್‌ಗೆ ಪರಿವರ್ತಿಸಿ ಯುಟಿಎಫ್-8ನಲ್ಲಿ ಉಳಿಸಬೇಕು.

ಬಾಕಿ ಇರುವುದು ಡಿವಿಡಿಗಳ ನಕಲು. ಗೀರು ಬಿದ್ದವನ್ನು ಡಿಡಿರೆಸ್ಕ್ಯೂ ತಂತ್ರಾಂಶದಲ್ಲಿ ಮ್ಯಾಪ್ ಫೈಲ್ (ಎಲ್ಲಿ ಓದಿದ್ದಾಯಿತು, ಎಲ್ಲಿ ಬಿಟ್ಟದ್ದಾಯಿತು ಎಂಬ ದಾಖಲೆ) ಜೊತೆ ಓಡಿಸಬೇಕು. ಆಗ ಒಂದು ಡ್ರೈವ್ ಓದದೆ ಬಿಟ್ಟ ಭಾಗಗಳನ್ನಷ್ಟೇ ಇನ್ನೊಂದು ಡ್ರೈವ್‌ನಲ್ಲಿ ಮುಂದುವರಿಸಬಹುದು. ಹಳೆಯ 2 ಟಿಬಿ ಡಿಸ್ಕ್ ಈ ನಕಲುಗಳ ಎರಡನೇ ಪ್ರತಿಗೆ ಮೀಸಲು.