ಜನ ಇಲ್ಲದ ಟ್ರೆಕ್ ಯಾವುದು ಅಂತ ಕೇಳಿದರೆ

ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರು ಬೇಸಿಗೆ ಬಂದರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬೇಕು, ಜನ ಜಾಸ್ತಿ ಇರಬಾರದು. ಅಂಥ ಟ್ರೆಕ್ ಯಾವುದಿದೆ?" ನನ್ನ ಉತ್ತರವೂ ಒಂದೇ. ಬೆಟ್ಟದ ಮೇಲಿನ ರೆಡ್ ಪಾಸ್.

ಕೇಳಿದವರಿಗೆ ಮೊದಲು ನಂಬಿಕೆ ಬರುವುದಿಲ್ಲ. ದಾರಿ ಶುರುವಾಗುವುದು ಸ್ನೋಕ್ವಾಲ್ಮಿ ಪಾಸ್‌ನಲ್ಲಿ, ಐ-90 ಹೆದ್ದಾರಿಯ 52ನೇ ಎಕ್ಸಿಟ್ ಪಕ್ಕದಲ್ಲೇ. ಶನಿವಾರ ಅಲ್ಲಿ ಕಾರು ನಿಲ್ಲಿಸುವುದೇ ಕಷ್ಟ. ಆದರೆ ಆ ಜನರಲ್ಲಿ ಹೆಚ್ಚಿನವರು ಹೋಗುವುದು ಬಂಡೆಯ ಮೈಯಲ್ಲಿ ಕೊರೆದ ಕೆಂಡಾಲ್ ಕ್ಯಾಟ್‌ವಾಕ್ ಅನ್ನುವ ದಾರಿಗೆ. ಮೊದಲ ಸುಮಾರು ನಾಲ್ಕು ಕಿಲೋಮೀಟರ್ ನಾವೂ ಅವರ ಜೊತೆಗೇ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ನಡೆಯಬೇಕು. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ದಾರಿ ಅದು. ಆಮೇಲೆ ಎಡಕ್ಕೆ ಒಂದು ಸಣ್ಣ ಕವಲು. ಅಲ್ಲಿ ತಿರುಗಿದ ಐದೇ ನಿಮಿಷಕ್ಕೆ ಹಿಂದಿನ ಮಾತುಕತೆಯೆಲ್ಲ ನಿಂತುಹೋಗುತ್ತದೆ.

ಕಾಮನ್‌ವೆಲ್ತ್ ಕ್ರೀಕ್ ಜೊತೆಯಾಗುವುದು ಇಲ್ಲಿಂದ. ಮಲೆನಾಡಿನಲ್ಲಿದ್ದರೆ ಇದನ್ನು ಹಳ್ಳ ಅನ್ನುತ್ತಿದ್ದೆವು. ಕೆಳಗೆ ಬಂಡೆಗಳ ನಡುವೆ ಜೋರಾಗಿ ಮಾತಾಡುತ್ತದೆ. ಹುಲ್ಲುಗಾವಲು ಬಂದಾಗ ಮೆತ್ತಗಾಗುತ್ತದೆ. ನಂತರ ಗುಡ್ಡದ ಮೈಮೇಲೆ ಹಾವಿನ ಹಾಗೆ ಸುತ್ತುವ ಏರು. ಒಂದು ತಿರುವಿನಲ್ಲಿ ಹಳ್ಳದ ಸದ್ದು ಕೇಳುತ್ತದೆ, ಮುಂದಿನದರಲ್ಲಿ ಇಲ್ಲ. ಮೇಲೆ ಪಾಸ್ ತಲುಪಿದಾಗ ಏನೂ ಇಲ್ಲ. ಆ ಕ್ಷಣಕ್ಕಾಗಿಯೇ ನಾನು ಹೋಗುವುದು. ಅಷ್ಟು ಹೊತ್ತು ಜೊತೆಗಿದ್ದ ಸದ್ದು ನಿಂತಾಗಲೇ ಮೌನ ಅಂದರೆ ಏನು ಅಂತ ಕಿವಿಗೆ ಗೊತ್ತಾಗುವುದು.

ಪಾಸ್ ಅಂದರೆ ಎರಡು ಶಿಖರಗಳ ನಡುವೆ ಬೆಟ್ಟಸಾಲಿನ ಏಣು ತಗ್ಗಾದ ಜಾಗ, ನಮ್ಮ ಘಾಟಿಯ ಹಾಗೆ. ನೀರೂ ಅಲ್ಲೇ ಎರಡಾಗುತ್ತದೆ. ಬಿಸ್ಲೆಯ ಹತ್ತಿರ ಏಣಿನ ಒಂದು ಬದಿಯ ಮಳೆ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಯದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ರೆಡ್ ಪಾಸ್‌ನಲ್ಲಿ ಹಾಗಲ್ಲ. ದಕ್ಷಿಣದ ನೀರು ಸ್ನೋಕ್ವಾಲ್ಮಿ ನದಿಯ ಸೌತ್ ಫೋರ್ಕ್ ಅನ್ನುವ ಕವಲಿಗೆ, ಉತ್ತರದ್ದು ಮಿಡಲ್ ಫೋರ್ಕ್ ಅನ್ನುವ ಕವಲಿಗೆ. ಎರಡೂ ಬೆಟ್ಟ ಸುತ್ತಿ ಬಂದು ನಾರ್ತ್ ಬೆಂಡ್ ಊರಿನ ಹತ್ತಿರ ಮತ್ತೆ ಒಂದಾಗುತ್ತವೆ! ನಕ್ಷೆಯಲ್ಲಿ ಬೆರಳಿಟ್ಟು ಇದನ್ನು ನೋಡಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಹೋಗಿ ಬರಲು ಸುಮಾರು 16 ಕಿಲೋಮೀಟರ್, ಏರು 800 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕುದುರೆಮುಖ ಹತ್ತಿದವರಿಗೆ ಕಷ್ಟವಿಲ್ಲ, ಇಲ್ಲಿ ಇಂಬಳದ ಕಾಟವೂ ಇಲ್ಲ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಒಮ್ಮೆ ಜೂನ್‌ನಲ್ಲಿ ಹೋಗಿದ್ದೆ. ಮೇಲಿನ ತಿರುವುಗಳೆಲ್ಲ ಹಿಮದಡಿ ಮುಚ್ಚಿದ್ದವು, ಅರ್ಧಕ್ಕೇ ವಾಪಸ್ ಬಂದೆ. ದಯವಿಟ್ಟು ನೀವೂ ಹಾಗೇ ಮಾಡಿ, ಹಿಮದ ಇಳಿಜಾರಿನಲ್ಲಿ ಸುಮ್ನೆ ಧೈರ್ಯ ತೋರಿಸಬೇಡಿ.

ಮೇಲೆ ಕೂತು ಚಿತ್ರಾನ್ನ ತಿನ್ನಿ. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ರೇನಿಯರ್ ಪರ್ವತ ಕಾಣುತ್ತದೆ. ಫೋನು ಚೀಲದಲ್ಲೇ ಇರಲಿ, ಅರ್ಧ ಗಂಟೆಯಾದರೂ ಮಾತಾಡದೆ ಇರಿ. ಇಳಿಯುವಾಗ ಹಳ್ಳದ ಸದ್ದು ಮತ್ತೆ ಎಷ್ಟನೇ ತಿರುವಿನಲ್ಲಿ ಕೇಳುತ್ತದೆ ಅಂತ ಲೆಕ್ಕ ಇಡಿ. ಹಿಮ ಇನ್ನೂ ಕರಗುತ್ತಿದ್ದ ಜುಲೈ ಕೊನೆಯಲ್ಲಿ ನನಗೆ ಮೂರನೇ ತಿರುವಿಗೇ ಕೇಳಿತ್ತು. ಸೆಪ್ಟೆಂಬರ್‌ನಲ್ಲಿ ಹುಲ್ಲುಗಾವಲಿನ ಹತ್ತಿರದವರೆಗೂ ಇಳಿಯಬೇಕಾಯಿತು.